ಗೋಡೆಗೆ ಹೊಲದ ಹಕ್ಕಿ: ಫೋಟೋ ಆರಿಸುವುದರಿಂದ ಮೊಳೆಯವರೆಗೆ

ಹೋದ ದೀಪಾವಳಿಗೆ ಊರಿಗೆ ಹೋದಾಗ ನಮ್ಮ ಪಡಸಾಲೆಯಲ್ಲಿ ಹೊಸ ಪೋಸ್ಟರ್ ಇತ್ತು. ನಮ್ಮ ಕಾಕಾ ಭಾಲ್ಕಿಯಿಂದ ತಂದದ್ದು. ಎರಡು ಮಕಾವ್ ಗಿಳಿ, ಮೈತುಂಬ ಕೆಂಪು, ನೀಲಿ, ಹಳದಿ, ಹಿಂದೆ ಒಂದು ಜಲಪಾತ. ನಮ್ಮ ಆಯಿ, ಅಂದರೆ ಅಜ್ಜಿ, ಅದನ್ನು ಎರಡು ನಿಮಿಷ ನೋಡಿ ಕೇಳಿದಳು: "ಇವು ಯಾವ ಊರಿನ ಗಿಳಿ? ನಮ್ಮ ಹೊಲಕ್ಕ ಒಂದ್ ದಿನಾನೂ ಬಂದಿಲ್ಲಲ್ಲ."

ಎಲ್ಲರೂ ನಕ್ಕೆವು. ಜನವರಿಯಲ್ಲಿ ಆಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಆಪರೇಷನ್ ಆಯ್ತು, ಆದರೆ ಹಲಬರ್ಗಾದ ನಮ್ಮ ಮನೆಯಿಂದ ಹೊಲದವರೆಗೆ ನಡೆಯೋದು ಅಲ್ಲಿಗೆ ಮುಗೀತು. ದಿನಾ ಬೆಳಗ್ಗೆ ಹೊಲಕ್ಕೆ ಹೋಗುತ್ತಿದ್ದ ಹೆಂಗಸು ಈಗ ಮಂಚದ ಮೇಲೆ ದಿಂಬಿಗೆ ಒರಗಿ ಕೂತು ಆ ಮಕಾವ್ ಗಿಳಿಗಳನ್ನು ನೋಡಬೇಕು. ಸಂಕ್ರಾಂತಿ ಆದಮೇಲೆ ಊರಿಗೆ ಹೋದಾಗ ನನಗೆ ಇದು ತಡೆಯಲಿಲ್ಲ. ನಮ್ಮ ಹೊಲದ ಹಕ್ಕಿಗಳನ್ನೇ ಫೋಟೋ ತೆಗೆದು, ಫ್ರೇಮ್ ಹಾಕಿಸಿ, ಆ ಗೋಡೆಗೆ ಹಾಕೋದು ಅಂತ ತೀರ್ಮಾನ ಮಾಡಿದೆ.

ಸುಲಭದ ಕೆಲಸ ಅಂದ್ಕೊಂಡಿದ್ದೆ. ಆಗಲಿಲ್ಲ. ಆರು ಫ್ರೇಮ್ ಹಾಕೋಷ್ಟರಲ್ಲಿ ಎರಡು ಪ್ರಿಂಟ್ ಹಾಳಾದವು, ಒಂದು ಮೊಳೆ ಗೋಡೆಯ ಸಮೇತ ಕೆಳಗೆ ಬಂತು, ಮತ್ತೆ ಫಸ್ಟ್ ಸೆಮ್ ಫಿಸಿಕ್ಸ್ ಪುಸ್ತಕ ಜೀವನದಲ್ಲಿ ಮೊದಲ ಸಲ ನಿಜವಾಗಿ ಉಪಯೋಗಕ್ಕೆ ಬಂತು. ಹಾಸ್ಟೆಲ್‌ನಲ್ಲಿ ಹೇಳಿದಾಗ ನಾಲ್ಕೈದು ಜನ "ಬರೆದು ಕೊಡು, ನಮ್ಮನೆಗೂ ಮಾಡ್ತೀವಿ" ಅಂದರು. ಅದಕ್ಕೆ ಪಾಠದ ಥರಾನೇ ಬರೀತಿದ್ದೀನಿ. ನಾನು ಓದಿದ್ದು ಪೂರ್ತಿ ಇಂಗ್ಲಿಷ್ ಮೀಡಿಯಂ. ಕಾಗುಣಿತ ನಮ್ಮ ಎಡಿಟರ್ ನೋಡ್ಕೊಂಡಿರ್ತಾರೆ, ಲೆಕ್ಕ ಮಾತ್ರ ನನ್ನದೇ.

ಯಾವ ಹಕ್ಕಿ?

ಊರ ಹಕ್ಕಿನೇ ಯಾಕೆ ಬೇಕು? ದೇಶಾಭಿಮಾನದ ಪ್ರಶ್ನೆ ಅಲ್ಲ ಇದು. ಗೋಡೆಯ ಮೇಲಿನ ಚಿತ್ರವನ್ನು ನಾವು ದಿನಕ್ಕೆ ಐವತ್ತು ಸಲ ನೋಡ್ತೀವಿ. ಗೊತ್ತಿಲ್ಲದ ಹಕ್ಕಿ ಮೂರನೇ ದಿನಕ್ಕೆ ಬರೀ ಬಣ್ಣ ಆಗಿಬಿಡುತ್ತೆ. ಗೊತ್ತಿರುವ ಹಕ್ಕಿ ಹಾಗಲ್ಲ. ಅದು ಎಲ್ಲಿ ಕೂರುತ್ತೆ, ಹೇಗೆ ಕೂಗುತ್ತೆ, ಯಾವ ಕಾಲದಲ್ಲಿ ಬರುತ್ತೆ ಅನ್ನೋದೆಲ್ಲ ಅದರ ಜೊತೆಗೇ ಬರುತ್ತೆ.

ನಮ್ಮ ಕಡೆ ಕಾಡು ಅಂತ ದೊಡ್ಡದಾಗಿ ಏನಿಲ್ಲ. ತೊಗರಿ, ಸೋಯಾ, ಕಬ್ಬು, ಜೋಳ, ನಡುವೆ ಜಾಲಿ ಮತ್ತು ಬೇವು. ಆದರೂ ಬೆಳಗ್ಗೆ ಏಳಕ್ಕೆ ಹೊಲದ ಬದುವಿನ ಮೇಲೆ ಕೂತರೆ ಒಂದು ತಾಸಲ್ಲಿ ಹತ್ತು ಹನ್ನೆರಡು ಜಾತಿ ಆರಾಮಾಗಿ ಸಿಗ್ತವೆ. ಕರೆಂಟ್ ತಂತಿಯ ಮೇಲೆ ಕಾಜಾಣ, ಕಳ್ಳಿಪೀರ, ನೀಲಕಂಠ. ನೆಲದ ಮೇಲೆ ಚಂದ್ರಮುಕುಟ, ಟಿಟ್ಟಿಭ. ಬಾವಿಯ ಹತ್ತಿರ ಮಿಂಚುಳ್ಳಿ, ಗೀಜಗ. ಹುಣಸೆ ಮರದ ಪೊಟರೆಯಲ್ಲಿ ಹಾಲಕ್ಕಿ. ನೀಲಕಂಠ ಕರ್ನಾಟಕದ ರಾಜ್ಯಪಕ್ಷಿ ಅಂತ ಎಲ್ಲರೂ ಕ್ವಿಜ್‌ಗೆ ಓದಿರ್ತೀರಿ. ನಮಗೆ ಗಡಿ ಹತ್ತಿರ. ದಾಟಿ ತೆಲಂಗಾಣಕ್ಕೆ ಹೋದರೆ ಅಲ್ಲಿಯೂ ಅದೇ ರಾಜ್ಯಪಕ್ಷಿ, ಹೆಸರು ಮಾತ್ರ ಪಾಲಪಿಟ್ಟ. ಹಕ್ಕಿಗೆ ಗಡಿ ಗೊತ್ತಿಲ್ಲ ಅನ್ನೋ ಡೈಲಾಗ್ ಹೊಡೆಯೋಕೆ ಒಳ್ಳೆ ಜಾಗ, ಆದರೆ ಬಿಡಿ.

ಇನ್ನೊಂದು ವಿಷಯ ಆಮೇಲೆ ಗೊತ್ತಾಯ್ತು. 1931-32ರಲ್ಲಿ ಸಲೀಂ ಅಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸರ್ವೇ ಮಾಡಿದ್ದರು. ಆಗ ಬೀದರ್ ಆ ಸಂಸ್ಥಾನದ ಒಂದು ಜಿಲ್ಲೆ. ದೊಡ್ಡ ಪುಸ್ತಕಗಳಲ್ಲಿ ಹಕ್ಕಿ ಅಂದ್ರೆ ರಂಗನತಿಟ್ಟು, ದಾಂಡೇಲಿ ಅಂತಲೇ ಇರುತ್ತಲ್ಲ, ನಮ್ಮ ಒಣ ಬಯಲಿನ ಕಡೆಯೂ ಯಾರೋ ದುರ್ಬೀನು ಹಿಡ್ಕೊಂಡು ಆಗಲೇ ಓಡಾಡಿದ್ದಾರೆ ಅಂತ ಖುಷಿ ಆಯ್ತು.

ಫೋಟೋ ತೆಗೆಯೋದರ ಬಗ್ಗೆ ಜಾಸ್ತಿ ಹೇಳಲ್ಲ, ಯೂಟ್ಯೂಬ್ ತುಂಬ ಅದೇ ಇದೆ. ಅಣ್ಣನ ಹಳೇ ಬ್ರಿಡ್ಜ್ ಕ್ಯಾಮೆರಾ, 16 ಮೆಗಾಪಿಕ್ಸೆಲ್. ಬೆಳಗ್ಗೆ ಸೂರ್ಯ ನಮ್ಮ ಬೆನ್ನ ಹಿಂದೆ. ಅಷ್ಟೇ. ಆದರೆ ಮೂರು ಕೆಲಸ ಮಾಡಬೇಡಿ. ಗೂಡಿನ ಹತ್ತಿರ ಹೋಗಿ ತೆಗೀಬೇಡಿ, ತಾಯಿ ಹಕ್ಕಿ ಗೂಡು ಬಿಟ್ಟು ಹೋಗಬಹುದು, ನಮ್ಮ ಹಿಂದೇನೇ ಕಾಗೆ ಬರುತ್ತೆ. ರಾತ್ರಿ ಹಕ್ಕಿಗೆ ಫ್ಲ್ಯಾಶ್ ಹೊಡೀಬೇಡಿ. ಫೋನಲ್ಲಿ ಕೂಗು ಹಾಕಿ ಕರೀಬೇಡಿ. ನಮ್ಮ ಓಣಿಯಲ್ಲಿ ಮೊದಲು ಎರಡು ಮನೆಯಲ್ಲಿ ಪಂಜರದ ಗಿಳಿ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ಕಾಡು ಗಿಳಿಯನ್ನು ಪಂಜರದಲ್ಲಿ ಸಾಕೋದು ಅಪರಾಧ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿ ಹಕ್ಕಿ ಬೇಕು ಅನ್ನೋ ಆಸೆ ಕೆಟ್ಟದ್ದಲ್ಲ, ಫ್ರೇಮ್ ಆ ಆಸೆಗೆ ಕಾನೂನುಬದ್ಧ ದಾರಿ.

ಕ್ಯಾಮೆರಾ ಇಲ್ಲದವರು ನೆಟ್‌ನಿಂದ ಸಿಕ್ಕಿದ್ದನ್ನು ಇಳಿಸಿ ಪ್ರಿಂಟ್ ಹಾಕಿಸಬೇಡಿ, ಅದು ಯಾರದೋ ಬೆಳಗಿನ ನಿದ್ದೆ. ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಮುಕ್ತ ಪರವಾನಗಿಯ ಹಕ್ಕಿ ಫೋಟೋ ಬೇಕಾದಷ್ಟಿವೆ. ಪರವಾನಗಿ ಓದಿ, ತೆಗೆದವರ ಹೆಸರನ್ನು ಫ್ರೇಮಿನ ಹಿಂದೆ ಬರೆದಿಡಿ.

ಆಯಿಯ ಕಣ್ಣು 6/24

ನಾನು ಮೊದಲು ಆರಿಸಿದ್ದು ಕಳ್ಳಿಪೀರದ ಫೋಟೋ. ಒಂದೊಂದು ಪುಕ್ಕವೂ ಎಣಿಸಬಹುದು ಅಷ್ಟು ಶಾರ್ಪ್. ಇನ್‌ಸ್ಟಾಗ್ರಾಂನಲ್ಲಿ ನನ್ನ ಜೀವಮಾನದ ಲೈಕ್ ಅದಕ್ಕೇ ಬಂದಿದ್ದು. 12×18 ಇಂಚು ಪ್ರಿಂಟ್ ಹಾಕಿಸಿ ಆಯಿಯ ಮುಂದಿನ ಗೋಡೆಗೆ ಹಿಡಿದೆ. "ಹಸರು ಎಲಿ ಛಂದ ಅದ" ಅಂದಳು.

ಎಲೆ! ಬೇಜಾರಾಯ್ತು. ಆಮೇಲೆ ಅವಳ ಕಣ್ಣಿನ ಚೀಟಿ ತೆಗೆದು ನೋಡಿದೆ. ಎರಡೂ ಕಣ್ಣು 6/24. ಅಂದರೆ ಸಾಮಾನ್ಯ ಕಣ್ಣು 24 ಮೀಟರ್ ದೂರದಿಂದ ಓದುವುದನ್ನು ಅವಳು 6 ಮೀಟರ್‌ಗೆ ಬಂದು ಓದಬೇಕು. ಈಗ ಲೆಕ್ಕ ನೋಡಿ. ಸರಿಯಿರುವ ಕಣ್ಣು ಗುರುತಿಸುವ ಅತಿ ಸಣ್ಣ ಕೋನ ಸುಮಾರು ಒಂದು ಆರ್ಕ್ ನಿಮಿಷ, ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ, ರೇಡಿಯನ್‌ನಲ್ಲಿ 0.00029. ಮಂಚದಿಂದ ಗೋಡೆ 8 ಅಡಿ, 2440 ಮಿ.ಮೀ. ಗುಣಿಸಿದರೆ 0.7 ಮಿ.ಮೀ. ನನಗೆ ಆ ದೂರದಿಂದ 0.7 ಮಿ.ಮೀ. ದಪ್ಪದ ಗೆರೆ ಬಿಡಿಬಿಡಿಯಾಗಿ ಕಾಣುತ್ತೆ. ಆಯಿಗೆ ಅದರ ನಾಲ್ಕು ಪಟ್ಟು ಬೇಕು, ಹತ್ತಿರ ಹತ್ತಿರ 3 ಮಿ.ಮೀ.

ಕಳ್ಳಿಪೀರದ ಗುರುತೇ ಬಾಲದ ನಡುವಿನಿಂದ ಹೊರಗೆ ಚಾಚುವ ಸೂಜಿಯಂಥ ಪುಕ್ಕ. ನನ್ನ ಪ್ರಿಂಟ್‌ನಲ್ಲಿ ಅದರ ದಪ್ಪ ಅಳೆದೆ: ಒಂದೂವರೆ ಮಿ.ಮೀ. ಅವಳ ಕಣ್ಣಿಗೆ ಅದು ಇಲ್ಲವೇ ಇಲ್ಲ. ಸೂಜಿ ಹೋಯ್ತು, ಕೊಕ್ಕಿನ ತುದಿ ಹೋಯ್ತು, ಹಿಂದೆ ಹಸಿರು ಜಾಲಿ ಮರ. ಉಳಿದದ್ದು ಎಲೆ. ಅವಳು ಹೇಳಿದ್ದು ಸರಿಯೇ ಇತ್ತು.

ಈ ಪಾಠದಲ್ಲಿ ಒಂದೇ ಒಂದು ಮಾತು ನೆನಪಿಟ್ಕೋಬೇಕು ಅಂದ್ರೆ ಇದನ್ನು ಇಟ್ಕೊಳ್ಳಿ: ಗೋಡೆಯ ಫೋಟೋ ಫೋನಿನ ಫೋಟೋ ಅಲ್ಲ. ಫೋನಲ್ಲಿ ನಾವು ಪುಕ್ಕ ನೋಡ್ತೀವಿ, ಗೋಡೆಯಲ್ಲಿ ಆಕಾರ ನೋಡ್ತೀವಿ. ಯಾರು ನೋಡ್ತಾರೆ, ಎಷ್ಟು ದೂರದಿಂದ, ಅವರ ಕಣ್ಣು ಹೇಗಿದೆ ಅಂತ ಮೊದಲು ಕೇಳ್ಕೊಂಡು ಆಮೇಲೆ ಫೋಟೋ ಆರಿಸಬೇಕು. ಫೋಟೋವನ್ನು ಹೆಬ್ಬೆರಳಿನ ಉಗುರಿನಷ್ಟು ಸಣ್ಣ ಮಾಡಿ ನೋಡಿ, ಆಗಲೂ ಯಾವ ಹಕ್ಕಿ ಅಂತ ಗೊತ್ತಾದರೆ ಅದು ಗೋಡೆಗೆ ಬರುತ್ತೆ.

ಹಾಗೆ ನೋಡಿದಾಗ ನನ್ನ ಪಟ್ಟಿ ಪೂರ್ತಿ ಬದಲಾಯ್ತು. ಕಾಜಾಣ ಗೆದ್ದಿತು: ಕಪ್ಪು ಮೈ, ಕವಲೊಡೆದ ಬಾಲ, ಹಿಂದೆ ಬಿಳಿ ಆಕಾಶ. ನಾನು ಸಾಧಾರಣ ಅಂತ ಡಿಲೀಟ್ ಮಾಡೋಕೆ ಹೊರಟಿದ್ದ ಫೋಟೋ ಅದು. ಚಂದ್ರಮುಕುಟ ಕಿರೀಟ ಬಿಚ್ಚಿದ್ದು. ಟಿಟ್ಟಿಭ ಉದ್ದ ಹಳದಿ ಕಾಲಲ್ಲಿ ನಿಂತದ್ದು. ನೀಲಕಂಠ ರೆಕ್ಕೆ ಬಿಡಿಸಿದ್ದು. ಗೀಜಗ ಗೂಡಿಗೆ ಜೋತುಬಿದ್ದದ್ದು (ದೂರದಿಂದ ತೆಗೆದದ್ದು, ಬಾವಿಯ ಈಚೆ ದಂಡೆಯಿಂದ). ಮತ್ತೆ ಹಾಲಕ್ಕಿ, ಬರೀ ದುಂಡು ಮುಖ, ಎರಡು ಕಣ್ಣು. ಕಾಜಾಣವನ್ನು ಕಪ್ಪು ಬಿಳುಪಿಗೆ ತಿರುಗಿಸಿದೆ, ಬಣ್ಣದಿಂದ ಅದಕ್ಕೆ ಏನೂ ಲಾಭ ಇರಲಿಲ್ಲ. ಸಂಡೂರಿನ ಎಂ.ವೈ. ಘೋರ್ಪಡೆ, ಎಪ್ಪತ್ತರ ದಶಕದಲ್ಲಿ ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಕಪ್ಪು ಬಿಳುಪಿನಲ್ಲಿ ತೆಗೆದ ವನ್ಯಜೀವಿ ಚಿತ್ರಗಳಿಗೆ ಹೆಸರಾದವರು. ಅವರ ಚಿತ್ರ ನೋಡಿದ ಮೇಲೆ ಬಣ್ಣ ಬಿಡೋದಕ್ಕೆ ಧೈರ್ಯ ಬಂತು.

ತಂತಿ ಅಳಿಸಬೇಕಾ ಅಂತ ಫ್ರೆಂಡ್ ಒಬ್ಬ ಕೇಳಿದ, ಸಾಫ್ಟ್‌ವೇರ್‌ನಲ್ಲಿ ಒಂದು ಕ್ಲಿಕ್ ಸಾಕಂತೆ. ನಾನು ಬಿಟ್ಟೆ. ನಮ್ಮ ಕಾಜಾಣ ಕೂರೋದು ಕರೆಂಟ್ ತಂತಿಯ ಮೇಲೇ. ತಂತಿ ತೆಗೆದರೆ ಅದು ಕ್ಯಾಲೆಂಡರ್ ಹಕ್ಕಿ ಆಗುತ್ತೆ.

ಪ್ರಿಂಟ್

ಎಲ್ಲರೂ "300 ಡಿಪಿಐ ಬೇಕು" ಅಂತ ಹೆದರಿಸ್ತಾರೆ. ಆ ಮುನ್ನೂರು ಎಲ್ಲಿಂದ ಬಂತು? ಮೇಲಿನ ಆರ್ಕ್ ನಿಮಿಷದಿಂದಲೇ. ನೋಡುವ ದೂರವನ್ನು ಇಂಚಿನಲ್ಲಿ ತಗೊಂಡು 3438ನ್ನು ಅದರಿಂದ ಭಾಗಿಸಿ, ಪ್ರತಿ ಇಂಚಿಗೆ ಬೇಕಾದ ಪಿಕ್ಸೆಲ್ ಸಿಗುತ್ತೆ. ಪುಸ್ತಕದ ಥರ 12 ಇಂಚು ದೂರ ಹಿಡಿದರೆ 286, ಅದೇ ನಮ್ಮ ಮುನ್ನೂರು. 1 ಮೀಟರ್ ಅಂದರೆ 39 ಇಂಚಿಗೆ 88. ಆಯಿಯ 8 ಅಡಿ, 96 ಇಂಚಿಗೆ ಬರೀ 36. ಅಂದರೆ 12×18 ಇಂಚಿಗೆ 432×648 ಪಿಕ್ಸೆಲ್ ಇದ್ದರೂ, ಅಲ್ಲಿಂದ ನೋಡುವ ಒಳ್ಳೇ ಕಣ್ಣಿಗೂ ಸಾಕು. ಹತ್ತಿರ ಹೋಗಿ ನೋಡುವವರೂ ಇರ್ತಾರಲ್ಲ, ಅದಕ್ಕೆ ನಾನು ಇಂಚಿಗೆ 100 ಹಿಡಿದೆ, 1200×1800. ದೂರದ ಹಕ್ಕಿಯನ್ನು ಚೆನ್ನಾಗಿ ಕ್ರಾಪ್ ಮಾಡಿದ ಮೇಲೂ ಇಷ್ಟು ಉಳಿಯುತ್ತೆ. ಹೊಸ ಲೆನ್ಸ್ ಬೇಕು ಅಂತ ಮನೆಯಲ್ಲಿ ಹಠ ಹಿಡಿಯೋ ಮೊದಲು ಈ ಭಾಗಾಕಾರ ಮಾಡಿ.

ನಿಜವಾಗಿ ಕೈ ಕೊಡೋದು ಡಿಪಿಐ ಅಲ್ಲ, ಅನುಪಾತ. ನಮ್ಮ ಕ್ಯಾಮೆರಾದ ಫೋಟೋ 4608×3456, ಅಂದರೆ 4:3. ಫೋನಿನದ್ದೂ ಸಾಮಾನ್ಯವಾಗಿ ಅದೇ. ಲ್ಯಾಬಿನ 8×12, 12×18 ಎರಡೂ 3:2. ಅಗಲ ಪೂರ್ತಿ ಇಟ್ಟರೆ ಎತ್ತರ 3072ಕ್ಕೆ ಇಳಿಯಬೇಕು, 384 ಸಾಲು ಪಿಕ್ಸೆಲ್ ಹೋಗುತ್ತೆ. ಇದನ್ನು ನಾವು ಮಾಡಿ ಕೊಡದಿದ್ದರೆ ಮಷೀನ್ ತಾನೇ ಮೇಲೆ ಕೆಳಗೆ ಸಮ ಕತ್ತರಿಸುತ್ತೆ. ನನ್ನ ಕಾಜಾಣದ ಕವಲು ಬಾಲ ಫೋಟೋದ ತಳದವರೆಗೆ ಇತ್ತು. ಪ್ರಿಂಟ್ ಬಂದಾಗ ಬಾಲವೇ ಇರಲಿಲ್ಲ. ಬಾಲ ಇಲ್ಲದ ಕಾಜಾಣ ಅಂದರೆ ಒಂದು ಸಣ್ಣ ಕಾಗೆ. ಅಂಗಡಿಯವರ ತಪ್ಪಲ್ಲ, ನನ್ನದೇ. ಆಮೇಲಿಂದ ನಾನೇ 3:2ಕ್ಕೆ ಕತ್ತರಿಸಿ, ಸುತ್ತ ಒಂದು ಬೆರಳಗಲ ಜಾಗ ಬಿಟ್ಟು ಕೊಡ್ತೀನಿ, ಫ್ರೇಮಿನ ಅಂಚು ಕೂಡ ಕಾಲು ಇಂಚು ನುಂಗುತ್ತೆ.

ಎರಡನೇ ಹಾಳಾದ ಪ್ರಿಂಟ್ ನೀಲಕಂಠದ್ದು. ಸ್ಕ್ರೀನ್ ಮೇಲೆ ಉರಿಯುತ್ತಿದ್ದ ನೀಲಿ ಕಾಗದದ ಮೇಲೆ ಒಗೆದ ಲುಂಗಿ ಥರ ಬಂತು. ಇದಕ್ಕೆ ಎರಡು ಕಾರಣ, ಎರಡೂ ಸ್ವಾರಸ್ಯ. ಸ್ಕ್ರೀನ್ ತಾನೇ ಬೆಳಕು ಹೊರಗೆ ಕಳಿಸುತ್ತೆ. ಕಾಗದ ಬಿದ್ದ ಬೆಳಕಲ್ಲಿ ಒಂದಿಷ್ಟು ನುಂಗಿ ಉಳಿದದ್ದನ್ನು ವಾಪಸ್ ಕೊಡುತ್ತೆ. ಹೀಗಾಗಿ ಕೆಲವು ಗಾಢ ಹಸಿರು ನೀಲಿಗಳನ್ನು ಪ್ರಿಂಟ್ ತಲುಪೋಕೆ ಆಗೋದೇ ಇಲ್ಲ. ಎರಡನೆಯದು, ನೀಲಕಂಠದ ರೆಕ್ಕೆಯಲ್ಲಿ ನೀಲಿ ಬಣ್ಣದ ಪುಡಿ ಅನ್ನೋದೇ ಇಲ್ಲ! ಪುಕ್ಕದ ಒಳಗೆ ಸ್ಪಂಜಿನಂಥ ಅತಿ ಸೂಕ್ಷ್ಮ ರಚನೆ ಇದೆ, ಅದು ನೀಲಿ ಬೆಳಕನ್ನು ಚದುರಿಸಿ ಹೊರಗೆ ಕಳಿಸುತ್ತೆ, ಉಳಿದದ್ದನ್ನು ಅದರ ಕೆಳಗಿನ ಕಪ್ಪು ಪದರ ನುಂಗುತ್ತೆ. ಸರ್ ಸಿ.ವಿ. ರಾಮನ್ 1934ರಲ್ಲಿ, ಬೆಂಗಳೂರಿಗೆ ಬಂದ ಹೊಸದರಲ್ಲಿ, ಹಕ್ಕಿ ಪುಕ್ಕದ ಬಣ್ಣದ ಮೂಲದ ಬಗ್ಗೆ ಪ್ರಬಂಧ ಬರೆದರು, ಅದರಲ್ಲಿ ಪರೀಕ್ಷೆಗೆ ತಗೊಂಡದ್ದು ಇದೇ ನೀಲಕಂಠದ ಪುಕ್ಕ. ನಮ್ಮ ಹೊಲದ ತಂತಿ ಮೇಲೆ ಕೂರೋ ಹಕ್ಕಿ ರಾಮನ್ ಅವರ ಪೇಪರ್‌ನಲ್ಲಿ ಇದೆ ಅಂತ ನಮಗೆ ಯಾವ ಕ್ಲಾಸಲ್ಲೂ ಯಾರೂ ಹೇಳಲಿಲ್ಲ.

ಸ್ಯಾಚುರೇಷನ್ ಏರಿಸಿದರೆ ಇದು ಸರಿ ಹೋಗಲ್ಲ, ಪುಕ್ಕದ ಗೆರೆಗಳೆಲ್ಲ ಒಂದೇ ನೀಲಿ ಪೇಂಟ್ ಆಗಿಬಿಡ್ತವೆ (ಮಾಡಿ ನೋಡಿದೆ). ಫೈಲನ್ನು ಎಸ್‌ಆರ್‌ಜಿಬಿಯಲ್ಲೇ ಕೊಡಿ. ಮತ್ತೆ ಹಿನ್ನೆಲೆ ಕಪ್ಪಾಗಿರುವ ಫೋಟೋ ಆರಿಸಿ. ನೀಲಿ ಅಷ್ಟೇ ಇದ್ದರೂ ಕತ್ತಲೆಯ ಪಕ್ಕ ಇದ್ದಾಗ ಕಣ್ಣಿಗೆ ಜಾಸ್ತಿ ಕಾಣುತ್ತೆ. ನಾನು ಉತ್ತ ಕರಿ ಹೊಲದ ಮುಂದೆ ಹಾರುತ್ತಿದ್ದ ಇನ್ನೊಂದು ಫೋಟೋ ಹುಡುಕಿ ಹಾಕಿಸಿದೆ.

ಫ್ರೇಮ್: ನಮ್ಮ ಜಿಲ್ಲೆ ಕಲಿಸಿದ ಕಪ್ಪು

ಕಪ್ಪಿನ ಮೇಲೆ ಸಣ್ಣ ಹೊಳಪು, ಇದು ಬೀದರಿಗೆ ಹೊಸದಲ್ಲ. ಬಿದ್ರಿ ಕಲೆ ಅಂದ್ರೇನು? ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ, ಮೇಲೆ ಬೆಳ್ಳಿ ಕೂರಿಸಿ, ಕೋಟೆಯ ಹಳೇ ಮಣ್ಣು ಮತ್ತು ನವಸಾಗರ ಕಲಸಿ ತಿಕ್ಕಿದರೆ ಲೋಹ ಕಪ್ಪಾಗುತ್ತೆ, ಬೆಳ್ಳಿ ಬೆಳ್ಳಗೇ ಉಳಿಯುತ್ತೆ. ಕೋಟೆಯ ರಂಗೀನ್ ಮಹಲಿನಲ್ಲಿ ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ್ದಾರೆ, ಅದೇ ಲೆಕ್ಕ. ನಾಲ್ಕನೇ ಕ್ಲಾಸ್ ಟ್ರಿಪ್ಪಲ್ಲಿ ನೋಡಿದಾಗ ಬೋರ್ ಆಗಿತ್ತು. ಈಗ ಫ್ರೇಮ್ ಅಂಗಡಿಯಲ್ಲಿ ಬಂಗಾರದ ಬಣ್ಣದ ಹೂಬಳ್ಳಿ ಫ್ರೇಮ್ ತೋರಿಸಿದಾಗ ನೆನಪಾಯ್ತು. ಬೇಡ ಅಂದೆ. ಅರ್ಧ ಇಂಚಿನ ಸಾದಾ ಕಪ್ಪು ಕಟ್ಟಿಗೆ, ಒಳಗೆ ಎರಡು ಇಂಚು ಅಗಲದ ಮೌಂಟ್. ಆರಕ್ಕೂ ಒಂದೇ ಥರ. ಫ್ರೇಮ್ ಬೇರೆ ಬೇರೆ ಇದ್ದರೆ ಕಣ್ಣು ಹಕ್ಕಿ ಬಿಟ್ಟು ಫ್ರೇಮ್ ಎಣಿಸುತ್ತೆ.

ಮೌಂಟ್ ಬರೀ ಅಲಂಕಾರಕ್ಕಲ್ಲ. ಫೋಟೋ ಗಾಜಿಗೆ ತಾಗದ ಹಾಗೆ ಜಾಗ ಬಿಡುತ್ತೆ. ಮಳೆಗಾಲದಲ್ಲಿ ತಾಗಿಕೊಂಡಿದ್ದರೆ ಕಾಗದ ಗಾಜಿಗೆ ಅಂಟಿ, ಮುಂದೆ ಬಿಚ್ಚುವಾಗ ಹಕ್ಕಿಯ ಮುಖ ಗಾಜಿನ ಜೊತೆ ಹೋಗುತ್ತೆ. ನಮ್ಮ ಮನೆಯ ಮದುವೆ ಫೋಟೋಗಳಲ್ಲಿ ಇಬ್ಬರು ಅತ್ತೆಯರಿಗೆ ಹೀಗಾಗಿದೆ.

ಗಾಜಿನ ವಿಷಯ. ವಕ್ರೀಭವನಾಂಕ 1.5 ಇರುವ ಗಾಜು ಒಂದೊಂದು ಮುಖದಿಂದ 4 ಪರ್ಸೆಂಟ್ ಬೆಳಕು ವಾಪಸ್ ಕಳಿಸುತ್ತೆ: 0.5ನ್ನು 2.5ರಿಂದ ಭಾಗಿಸಿ ವರ್ಗ ಮಾಡಿ. ಎರಡು ಮುಖ, ಒಟ್ಟು 8. ಕಡಿಮೆ ಅನಿಸುತ್ತೆ, ಆದರೆ ಕಪ್ಪು ಹಕ್ಕಿಯ ಮೈಯಿಂದ ಬರುವ ಬೆಳಕೇ ಅದಕ್ಕಿಂತ ಕಡಿಮೆ, ಹೀಗಾಗಿ ಕಾಜಾಣದ ಜಾಗದಲ್ಲಿ ಎದುರಿನ ಬಾಗಿಲು ಕಾಣುತ್ತೆ. ಆಕ್ರಿಲಿಕ್ ಹಾಕಿದರೂ ಪ್ರತಿಫಲನ ಹೆಚ್ಚುಕಡಿಮೆ ಅಷ್ಟೇ, ತೂಕ ಮಾತ್ರ ಅರ್ಧ: 16×22 ಇಂಚಿನ 2 ಮಿ.ಮೀ. ಹಾಳೆ ಗಾಜಾದರೆ 1135 ಗ್ರಾಂ, ಆಕ್ರಿಲಿಕ್ ಆದರೆ 540. ಆದರೆ ಅದು ಬೇಗ ಗೀರು ಬೀಳುತ್ತೆ, ಧೂಳು ಎಳೆದುಕೊಳ್ಳುತ್ತೆ. ನಮ್ಮಲ್ಲಿ ಧೂಳಿಗೆ ಬರ ಇಲ್ಲ. ಗಾಜೇ ಹಾಕಿಸಿದೆ, ಪ್ರತಿಫಲನವನ್ನು ಗೋಡೆಯ ಮೇಲೆ ನೋಡ್ಕೊಳ್ಳೋಣ ಅಂತ.

ಗೋಡೆ

ಮ್ಯೂಸಿಯಂಗಳಲ್ಲಿ ಚಿತ್ರದ ಮಧ್ಯ ನೆಲದಿಂದ 57 ಇಂಚು ಇರಬೇಕು ಅಂತ ಒಂದು ರೂಢಿ, ನಿಂತು ನೋಡುವವರ ಕಣ್ಣಿನ ಮಟ್ಟ. ನಾನೂ ಟೇಪ್ ಹಿಡಿದು 57ಕ್ಕೇ ಗುರುತು ಹಾಕಿದೆ. ಆಯಿ ದಿಂಬಿಗೆ ಒರಗಿ ನೋಡಿ, "ಬೆಳಕಿಂಡಿ ಕಾಣ್ಲಾಕತ್ತದ" ಅಂದಳು.

ಈ ಸಲ ಬೇಜಾರಾಗೋ ಮೊದಲು ಲೆಕ್ಕ ಮಾಡಿದೆ. ಅವಳ ಕಣ್ಣು ನೆಲದಿಂದ 38 ಇಂಚು. ಚಿತ್ರ 57ರಲ್ಲಿ. 96 ಇಂಚು ದೂರದಲ್ಲಿ ನೋಟ 19 ಇಂಚು ಮೇಲೇರುತ್ತೆ. ಗಾಜಿಗೆ ಬಡಿದು ಅದೇ ಕೋನದಲ್ಲಿ ಹಿಂದೆ ಹೋಗಿ ಇನ್ನೂ ಮೇಲೇರುತ್ತೆ. ಎದುರು ಗೋಡೆ 14 ಅಡಿ, 168 ಇಂಚು ದೂರ. ಅಷ್ಟರಲ್ಲಿ ಇನ್ನೂ 33 ಇಂಚು. 57ಕ್ಕೆ 33 ಸೇರಿಸಿದರೆ 90 ಇಂಚು, ಏಳೂವರೆ ಅಡಿ. ಎದ್ದು ನೋಡಿದೆ. ಎದುರು ಗೋಡೆಯಲ್ಲಿ ಏಳೂವರೆ ಅಡಿ ಎತ್ತರದಲ್ಲಿ ಇರೋದು ಬೆಳಕಿಂಡಿಯೇ! ಪರೀಕ್ಷೆಯಲ್ಲಿ ಉತ್ತರ ಸರಿ ಬಂದಾಗಲೂ ಇಷ್ಟು ಖುಷಿ ಆಗಿರಲಿಲ್ಲ.

ಚಿತ್ರದ ಮಧ್ಯವನ್ನು 42ಕ್ಕೆ ಇಳಿಸಿದೆ. ಈಗ ನೋಟ 4 ಇಂಚು ಏರಿ, ಹಿಂದಕ್ಕೆ ಹೋಗುವಾಗ 7 ಏರಿ, 49ಕ್ಕೆ ಬಡಿಯುತ್ತೆ. ಅಲ್ಲಿ ಬರೀ ಗೋಡೆ. ನಿಂತವರಿಗೆ ಚಿತ್ರ ಕೆಳಗಾಯ್ತು, ಬಂದವರೆಲ್ಲ "ಇಷ್ಟ್ ಕೆಳಗ್ಯಾಕ?" ಅಂತಾರೆ. ಅನ್ನಲಿ. ಹಾಗೆ ನೋಡಿದರೆ ಹಳೇ ಮನೆಗಳಲ್ಲಿ ದೇವರ ಪಟವನ್ನು ಎತ್ತರದಲ್ಲಿ, ಮುಂದಕ್ಕೆ ಬಾಗಿಸಿ ಹಾಕ್ತಾರಲ್ಲ, ಅದರಲ್ಲೂ ಇದೇ ಲೆಕ್ಕ ಇದೆ. ಗಾಜನ್ನು ಒಂದು ಡಿಗ್ರಿ ಬಾಗಿಸಿದರೆ ಪ್ರತಿಫಲನ ಎರಡು ಡಿಗ್ರಿ ಇಳಿಯುತ್ತೆ, ನೆಲದಲ್ಲಿ ಕೂತವರಿಗೆ ಬೆಳಕಿನ ಬದಲು ಪಟ ಕಾಣುತ್ತೆ. ನಾನು ಅದನ್ನು ಇಷ್ಟು ದಿನ ಸೊಟ್ಟ ಮೊಳೆ ಅಂದ್ಕೊಂಡಿದ್ದೆ.

ಮೊಳೆ ಅಂದಾಗ ನೆನಪಾಯ್ತು. ನಮ್ಮದು ಕಲ್ಲು ಮಣ್ಣಿನ ಹಳೇ ಗೋಡೆ. ಮೊಳೆ ಕಲ್ಲಿಗೆ ಹೋಗಲ್ಲ, ಸಂದಿನ ಮಣ್ಣಲ್ಲಿ ನಿಲ್ಲಲ್ಲ. ಮೊದಲ ಮೊಳೆ ಒಂದು ಹಿಡಿ ಗೋಡೆ ತಗೊಂಡು ಬಂತು. ಅವ್ವ ಮೂರು ದಿನ ಮಾತಾಡಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಗೂಟಗಳು. ಮನೆ ಕಟ್ಟುವಾಗಲೇ ಗೋಡೆಯಲ್ಲಿ ಸೇರಿಸಿದ ಕಟ್ಟಿಗೆ ಗೂಟ, ಮುತ್ಯಾ ಅವುಗಳಿಗೆ ಹಗ್ಗ, ಬಾರುಕೋಲು, ಎತ್ತಿನ ಗೆಜ್ಜೆ ಹಾಕ್ತಿದ್ದ. ಎತ್ತು ಮಾರಿದ ಮೇಲೆ ಖಾಲಿ ಇದ್ದವು. ಸಾಲಾಗಿ ಏಳು. ಪಕ್ಕಪಕ್ಕದ ಎರಡು ಗೂಟಕ್ಕೆ ಒಂದು ಫ್ರೇಮು, ಎರಡು ಉದ್ದ ತಂತಿ ನೇರ ಕೆಳಗೆ, 42 ಇಂಚಿನವರೆಗೆ. ನಡುವಿನ ಗೂಟಗಳಿಗೆ ಎರಡೆರಡು ತಂತಿ.

ತಂತಿ ನೇರ ಇಳಿಯೋದು ಎಷ್ಟು ಒಳ್ಳೇದು ಅಂದರೆ, 2 ಕೆ.ಜಿ. ಫ್ರೇಮಿಗೆ ಒಂದೊಂದು ತಂತಿಯ ಮೇಲೆ ಬರೀ 1 ಕೆ.ಜಿ. ಭಾರ. ಅದೇ ನಾವು ಸಾಮಾನ್ಯವಾಗಿ ಮಾಡೋ ಹಾಗೆ ಫ್ರೇಮಿನ ಹಿಂದೆ ಒಂದೇ ತಂತಿ ಬಿಗಿಯಾಗಿ ಕಟ್ಟಿ ನಡುವೆ ಮೊಳೆಗೆ ಸಿಕ್ಕಿಸಿದರೆ? ತಂತಿ ಅಡ್ಡರೇಖೆಗೆ 45 ಡಿಗ್ರಿ ಇದ್ದರೆ ಎಳೆತ 1.4 ಕೆ.ಜಿ., 30 ಡಿಗ್ರಿಗೆ 2, 10 ಡಿಗ್ರಿಗೆ 5.8. ಚೊಕ್ಕ ಕಾಣಲಿ ಅಂತ ಬಿಗಿ ಮಾಡಿದಷ್ಟೂ ಫ್ರೇಮಿನ ಕೊಂಡಿ ಕಿತ್ತು ಬರುತ್ತೆ. ತೂಕವನ್ನು ಸೈನ್ ಥೀಟಾದ ಎರಡರಷ್ಟರಿಂದ ಭಾಗಿಸಿ, ಸ್ಟ್ಯಾಟಿಕ್ಸ್‌ನ ಮೊದಲ ಚಾಪ್ಟರ್. ಆರ್‌ಸಿಸಿ ಅಥವಾ ಇಟ್ಟಿಗೆ ಗೋಡೆಯವರಿಗೆ ಈ ಗೋಳಿಲ್ಲ, 6 ಎಂಎಂ ಡ್ರಿಲ್, ಪ್ಲಗ್, ಸ್ಕ್ರೂ, ಮುಗೀತು. ಎಲ್ಲರೂ ಮಾಡಬೇಕಾದ್ದು ಇದು: ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿಯ ಮುಚ್ಚಳ ಅಂಟಿಸಿ, ಗೋಡೆಯ ಥಂಡಿ ತಾಗಬಾರದು. ಬೆನ್ನಿಗೆ ಸುತ್ತಲೂ ಕಂದು ಟೇಪ್, ಹುಳ ಒಳಗೆ ಹೋಗಬಾರದು. ಮತ್ತೆ ಪಶ್ಚಿಮದ ಬಿಸಿಲು ನೇರ ಬೀಳೋ ಗೋಡೆ ಬೇಡ, ನಮ್ಮ ಏಪ್ರಿಲ್ ಬಿಸಿಲಿಗೆ ಮನುಷ್ಯರೇ ಬಣ್ಣ ಕಳ್ಕೊಳ್ತೀವಿ.

ಹೆಸರಿನ ಚೀಟಿ

ಮನೆಯಲ್ಲಿ ಒಂದು ತಕರಾರು ಉಳಿದಿತ್ತು. ನಮ್ಮ ಕಡೆ ಫ್ರೇಮ್ ಹಾಕಿಸಿ ಗೋಡೆಗೆ ಏರೋದು ಇಬ್ಬರೇ: ದೇವರು, ಸತ್ತವರು. ನಮ್ಮ ಪಡಸಾಲೆಯಲ್ಲಿ ಬಸವಣ್ಣ ಇದ್ದಾರೆ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಇದ್ದಾರೆ, ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡ್ ಹಾಕಿ ಒಳಗೆ ಕನ್ನಡ ಕಲಿಸಿದವರು. ಮತ್ತೆ ಮುತ್ಯಾ ಇದ್ದಾನೆ, ಗಂಧದ ಹಾರದೊಳಗೆ. ಅವನ ಕೆಳಗೆ ಹಕ್ಕಿ, ಅದರಲ್ಲೂ ಗೂಬೆ? ಅವ್ವ ಹಾಲಕ್ಕಿಯನ್ನು ಹೊರಗೇ ಇಟ್ಟಳು. "ಗೂಬಿ ಮನ್ಯಾಗ ಬ್ಯಾಡ."

ಆಯಿ ಮಂಚದಿಂದಲೇ ಅಂದಳು: "ಗೂಬಿ ಅಲ್ಲ ಅದು, ಹಾಲಕ್ಕಿ. ನಿಮ್ಮ ಮಾವ ಬಿತ್ಲಾಕ ಹೊಂಟಾಗ ಅದರ ದನಿ ಕೇಳೇ ಹೊಂಡ್ತಿದ್ದ. ಅವನ ಬಾಜೂಕೇ ಹಾಕು." ಬುಡಬುಡಿಕೆಯವರು ಬೆಳಗಿನ ಜಾವ ಹಾಲಕ್ಕಿ ನುಡಿದಿದೆ ಅಂತ ಹೇಳ್ಕೊಂಡು ಬರ್ತಾರಲ್ಲ, ಆ ಹಾಲಕ್ಕಿ ಇದೇ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಇಂಗ್ಲಿಷ್ ಹೆಸರು ಮಾತ್ರ ಗೊತ್ತಿತ್ತು, ಹೆಸರಿನ ಹಿಂದಿನ ಮನುಷ್ಯರು ಗೊತ್ತಿರಲಿಲ್ಲ.

ಆಮೇಲೆ ಪ್ರತಿ ಫ್ರೇಮಿನ ಕೆಳಗೆ ಹೆಸರಿನ ಚೀಟಿ ಹಾಕೋಣ ಅಂತ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ಇಟ್ಕೊಂಡು ಕೂತೆ. ಅದರಿಂದ ಕಾಜಾಣ ಅಂತ ಬರೆದೆ. ಆಯಿ ಕೇಳಿ, "ಕೋತ್ವಾಲ ಅನ್ನು" ಅಂದಳು. ಕಾಗೆ, ಹದ್ದು ಯಾರು ಬಂದರೂ ಅಟ್ಟಿಸಿಕೊಂಡು ಹೋಗುತ್ತೆ, ಅದಕ್ಕೆ ಪೊಲೀಸ್ ಹೆಸರು. ಮರಾಠಿಯಲ್ಲೂ ಅದೇ ಹೆಸರು, ನಮ್ಮ ಊರಿಗೆ ಅಲ್ಲಿಂದಲೇ ಬಂದಿರಬೇಕು. ಟಿಟ್ಟಿಭ ಅವಳಿಗೆ ಟಿಟವಿ. ಈಗ ಚೀಟಿಯಲ್ಲಿ ಎರಡು ಸಾಲು: ಮೇಲೆ ಆಯಿಯ ಹೆಸರು, ಕೆಳಗೆ ಪುಸ್ತಕದ ಹೆಸರು. ಅವಳಿಗೆ ಓದು ಬರಲ್ಲ, ಆದರೆ ಯಾರಾದರೂ ಬಂದರೆ ಓದಿಸಿ, ತಪ್ಪು ಓದಿದರೆ ತಿದ್ದುತ್ತಾಳೆ. ನೀವು ಮಾಡುವಾಗ ಚೀಟಿಯನ್ನು ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿಸುವ ಮೊದಲು ಮನೆಯ ಹಿರಿಯರನ್ನು ಕೇಳಿ. ಅವರು ಹೇಳೋದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ನಾಳೆ ಇನ್ನೊಂದು ಹೆಸರು ನೆನಪಾಗುತ್ತೆ.

ಗೂಟ ಏಳು, ನಡುವಿನ ಜಾಗ ಆರು, ಫ್ರೇಮು ಐದು ಅಲ್ಲಿದ್ದಾವೆ, ಹಾಲಕ್ಕಿ ಮುತ್ಯಾನ ಬಾಜೂಕೆ. ಒಂದು ಜಾಗ ಖಾಲಿ. ಅದಕ್ಕೆ ಗೌಜುಗ ಬೇಕಂತೆ ಆಯಿಗೆ. ಬೆಳಗ್ಗೆ ಕಬ್ಬಿನ ಅಂಚಲ್ಲಿ ಕೂಗುತ್ತೆ, ಆ ಕೂಗು ಮಂಚದವರೆಗೂ ಕೇಳುತ್ತೆ. ನಾನು ನಾಲ್ಕು ಬೆಳಗ್ಗೆ ಹೋಗಿ ಕೂತೆ. ನಾಲ್ಕೂ ಸಲ ನನಗೆ ಸಿಕ್ಕಿದ್ದು ಕಬ್ಬಿನೊಳಗೆ ಓಡಿಹೋಗುವ ಕಂದು ಬೆನ್ನು, ಉಗುರಿನಷ್ಟು ಸಣ್ಣ ಮಾಡಿದರೆ ಕಲ್ಲೋ ಹಕ್ಕಿಯೋ ಗೊತ್ತಾಗಲ್ಲ. ಸೆಮ್ ಎಕ್ಸಾಂ ಮುಗಿದ ಮೇಲೆ ಇನ್ನೊಂದು ವಾರ ರಜೆ ಇದೆ.